ಅಜ್ಜಿಯ ಎರಡು ಚಪ್ಪಟೆ ಮಣಿ

ಆ ದಿನಗಳಲ್ಲಿ ಹಟ್ಟಿಕೇರಿಯ ನಮ್ಮ ಮನೆಗೆ ಹಬ್ಬದ ದಿನವೂ ರಜೆ ಇರಲಿಲ್ಲ. ಆ ಭಾನುವಾರವೂ ಅಮ್ಮ ಅಂಗಳ ಸಾರಿಸಿದಳು, ಎಮ್ಮೆ ಕರೆದಳು, ವಡೆಗೆ ಹಿಟ್ಟು ಕಲಸಿಟ್ಟಳು. ಅಪ್ಪ ನೀರು ಸೇದಿ ಹಂಡೆ ತುಂಬಿಸಿ, ಕೇಕು ತರಲು ಕಾರವಾರದ ಬಸ್ಸು ಹಿಡಿದ. ನಾನು ಕಾಯಿ ತುರಿದೆ, ಚಾಪೆ ಕೊಡವಿದೆ, ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ಇಶಾಡು ಮಾವನ್ನು ಮೂಸಿ ಮೂಸಿ ಆರಿಸಿದೆ. ಅಜ್ಜಿ ಅಬ್ಬಲಿಗೆ ಕೊಯ್ದು ದಂಡೆ ಕಟ್ಟಿದಳು, ಬರುವ ಹೆಂಗಸರಿಗೆಂದು. ಅವತ್ತು ಅವಳಿಗೇ ಎಪ್ಪತ್ತೈದು.

ಎಪ್ಪತ್ತೈದು ಎಂಬುದು ಅಪ್ಪನ ಅಂದಾಜು. ಹುಟ್ಟಿದ ತಾರೀಖು ಅಜ್ಜಿಗೆ ಗೊತ್ತಿರಲಿಲ್ಲ. “ಇಶಾಡು ಹಣ್ಣಾಗು ವಕ್ತಿಗೆ ಹುಟ್ಟಿದ್ದಂತೆ” ಎನ್ನುತ್ತಿದ್ದಳು, ಅಷ್ಟೇ. ಅಪ್ಪ ತನಗೆ ಅನುಕೂಲವಾದ ಭಾನುವಾರ ಗೊತ್ತು ಮಾಡಿದಾಗ ನಕ್ಕುಬಿಟ್ಟಿದ್ದಳು: “ನಾ ಹುಟ್ಟಿದ್ದು ನಿನ್ನ ರಜಾ ನೋಡ್ಕಂಡೇನೋ ತಮಾ?”

ಅಜ್ಜಿಯ ಮೈಮೇಲೆ ಇದ್ದದ್ದು ಒಂದೇ ಒಡವೆ. ಒಳಗೆ ಅರಗು ತುಂಬಿ ಮೇಲೆ ತೆಳ್ಳಗೆ ಚಿನ್ನ ಹೊದೆಸಿದ ಮಣಿಗಳ ಸರ. ಮಧ್ಯಾಹ್ನ ಉಂಡಾದ ಮೇಲೆ ಜಗಲಿಯಲ್ಲಿ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಅವಳು ಮಣಿಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಆ ಟಕ್ ಟಕ್ ಸದ್ದಿಗೆ ಯಾವಾಗಲೂ ನನಗೇ ಮೊದಲು ನಿದ್ದೆ. ನಡುವಿನ ಎರಡು ಮಣಿ ಮಾತ್ರ ಚಪ್ಪಟೆಯಾಗಿದ್ದವು. ಒಂದು ಮಧ್ಯಾಹ್ನ ನನ್ನ ಬೆರಳು ಹಿಡಿದು ಅವುಗಳ ಮೇಲೆ ಇಟ್ಟಳು.

“ಸಣ್ಣ ಸಣ್ಣ ಗುಳಿ ಸಿಕ್ತನೆ? ನಮ್ಮ ವೆಂಕುನ ಹಲ್ಲು. ತೊಡೆ ಮೇಲೆ ಕೂತ್ಕಂಡು ಕಚ್ಚೂದೇ ಕಚ್ಚೂದು.”

ವೆಂಕು ಅಪ್ಪನಿಗಿಂತ ಮೊದಲು ಹುಟ್ಟಿ, ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದ ಮಗು. ಅವನದೊಂದು ಫೋಟೋ ಇರಲಿಲ್ಲ, ಅಂಗಿ ಇರಲಿಲ್ಲ.

“ನಿನ್ನ ಅಪ್ಪನ ಹತ್ರ ಹೇಳೂದಲ್ಲ ಹಾಂ. ಸತ್ತವ್ರ ಸುದ್ದಿ ಎಂತಕೆ ತೆಗೀತೆ ಅಂತ ಬೈತ.”

ನಾನು ಹೇಳಲಿಲ್ಲ. ಹೇಳಬೇಕಾದ ದಿನವೂ ಹೇಳಲಿಲ್ಲ.

ಆ ದಿನ ಬಂದದ್ದು ಹುಟ್ಟುಹಬ್ಬಕ್ಕೆ ವಾರ ಮುಂಚೆ. ಸರದ ದಾರ ನವೆದಿದೆ, ಹೊಸ ದಾರಕ್ಕೆ ಪೋಣಿಸಿ ತರುತ್ತೇವೆ ಎಂದು ಅಮ್ಮ ಅಜ್ಜಿಯನ್ನು ಒಪ್ಪಿಸಿದ್ದಳು. ಅಜ್ಜಿ ಸರವನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟಳು.

“ಆ ಎರಡು ಮಣಿ ಮೊದ್ಲಿನ ಹಾಂಗೇ ನಡುವೆ ಬರ್ಬೇಕು. ಶೇಟ್ರ ಹತ್ರ ನೀನೇ ಹೇಳು ಕೂಸೆ. ಅವ್ರು ಮರೀತ್ರು.”

ಕಾರವಾರದ ಪೇಟೆಯಲ್ಲಿ ಅಕ್ಕಸಾಲಿ ಶೇಟರ ಸಣ್ಣ ಅಂಗಡಿ. ಅಮ್ಮ ಅಲ್ಲಿ ಆಡಿದ ಮಾತೇ ಬೇರೆ. ಸರ ಕರಗಿಸಬೇಕು, ಪದಕವಿರುವ ಹೊಸ ಚೈನು ಮಾಡಬೇಕು, ಕಡಿಮೆ ಬಿದ್ದ ಚಿನ್ನ ಅಪ್ಪ ಹಾಕಿಸುತ್ತಾನೆ, ಅಜ್ಜಿಗೆ ಮೊದಲೇ ಗೊತ್ತಾಗಬಾರದು. ಅಮ್ಮನ ಮುಖದಲ್ಲಿ ಕೊಡುವವರ ಸಂತೋಷವಿತ್ತು. ಅದರಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ.

ಶೇಟರು ಆ ಎರಡು ಮಣಿಗಳನ್ನು ಉಗುರಿನಿಂದ ತಟ್ಟಿದರು. “ಇವೆಂತ ಬಾಯೀ, ಇಲಿ ಕಡಿದ ಹಾಂಗೆ ಅದೆ!”

ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಅಮ್ಮ ನನ್ನ ಕಿವಿ ಮುಟ್ಟಿ, “ಇದ್ರಲ್ಲೇ ಚೂರು ಉಳಿಸಿ ಇವ್ಳಿಗೊಂದು ಜೊತೆ ರಿಂಗು ಮಾಡಿ” ಎಂದಳು. ಆಗ ನನ್ನ ಕಿವಿಯಲ್ಲಿ ಇದ್ದದ್ದು ಕಹಿಬೇವಿನ ಕಡ್ಡಿ.

ನಾನು ಬಾಯಿ ಮುಚ್ಚಿಕೊಂಡೆ. ಶೇಟರು ಮಣಿಗಳನ್ನು ಮೂಸೆಗೆ ಹಾಕಿ ಊದಿದರು. ಅರಗು ಸುಟ್ಟ ವಾಸನೆ ಬಸ್ಸಿನಲ್ಲಿ ಮನೆಯವರೆಗೂ ನನ್ನ ಫ್ರಾಕಿನಲ್ಲಿ ಬಂತು. “ಹೇಳಿದ್ಯನೆ?” ಎಂದು ಅಜ್ಜಿ ಬಾಗಿಲಲ್ಲೇ ಕೇಳಿದಳು. “ಹೇಳಿದೆ” ಎಂದೆ.

ಹುಟ್ಟುಹಬ್ಬದ ದಿನ ದೇವಬಾಗದಿಂದ ಅಪ್ಪನ ತಮ್ಮ, ನನ್ನ ಕಾಕಾ, ಸಂಸಾರ ಸಮೇತ ಬಂದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಣೆಯ ಮೇಲೆ ಕೇಕಿಟ್ಟೆವು. ಎಂದೂ ಹೆಚ್ಚು ಮಾತಾಡದ ಅಪ್ಪ ಎದ್ದು ನಿಂತು, “ಅವ್ವಿ, ನೀ ಉಪಾಸ ಬಿದ್ದು ನಮ್ಮನ್ನ ಸಾಕ್ದೆ. ಆ ಋಣ…” ಎಂದವನು ಚೈನನ್ನು ಅವಳ ಕೊರಳಿಗೆ ಹಾಕಿದ. ಎಲ್ಲರ ಕಣ್ಣಲ್ಲೂ ನೀರು.

“ಅವ್ವೀ, ಇನ್ನೊಂದು ಮದ್ವೆಗೆ ಗಂಡು ಹುಡ್ಕೂದೇ ಈಗ!” ಎಂದು ಕಾಕಾ ನಗಿಸಿದರು.

ಅಜ್ಜಿಯೂ ನಕ್ಕಳು. ಅವಳ ಬೆರಳು ಅಭ್ಯಾಸದಂತೆ ಕೊರಳಿಗೆ ಹೋಯಿತು. ಸರಿಸಲು ಮಣಿಗಳಿರಲಿಲ್ಲ, ಬೆರಳು ಜಾರಿ ಪದಕದ ಹತ್ತಿರ ನಿಂತಿತು.

“ನನ್ನ ಸರ ಎಲ್ಲದೆ?”

“ಇದೇ ಅತ್ತೆ, ಅದ್ರದ್ದೇ ಚಿನ್ನ!” ಎಂದಳು ಅಮ್ಮ ಹೆಮ್ಮೆಯಿಂದ. “ಆ ಅರಗಿನ ಮಣಿ ಎಷ್ಟು ದಿನ ಹಾಕ್ಕಂತ್ರಿ?”

ಅಜ್ಜಿ ಅಮ್ಮನನ್ನು ನೋಡಲಿಲ್ಲ, ನನ್ನನ್ನು ಹುಡುಕಿದಳು. ನಾನು ಕಂಬಕ್ಕೆ ಒರಗಿದ್ದೆ, ಕಿವಿಯಲ್ಲಿ ಹೊಸ ರಿಂಗು. ಹತ್ತಿರ ಕರೆದು, ಒಂದು ರಿಂಗನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಏನನ್ನೋ ತಡಕುವ ಹಾಗೆ. ಸಿಗಲಿಲ್ಲ.

“ಶೇಟ್ರು ಮರ್ತಿರ್ಬೇಕು” ಎಂದಳು, ನನಗೆ ಮಾತ್ರ ಕೇಳುವಂತೆ. “ಚಂದ ಕಾಣ್ತದೆ ನಿಂಗೆ.”

ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆನೇನೋ.

ಆಮೇಲೆ ಅವಳು ನಾಲ್ಕು ವರ್ಷ ಬದುಕಿದಳು. ಚೈನನ್ನು ದಿನವೂ ಹಾಕಿಕೊಂಡಳು, ಬಂದವರಿಗೆಲ್ಲ ಮಗ ಸೊಸೆಯ ಗುಣ ಹೇಳಿದಳು. ವೆಂಕುವಿನ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ಅಪ್ಪ ಅಮ್ಮನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಅವರು ಕೊಟ್ಟ ಅತಿ ದೊಡ್ಡ ಉಡುಗೊರೆ ಅದು, ಅದನ್ನು ಹೇಗೆ ಕಸಿಯುವುದು? ಆ ಮಗುವಿಗೆ ಹಲ್ಲು ಬಂದಿದ್ದವೆಂದು ಬಲ್ಲವಳು ಈಗ ನಾನೊಬ್ಬಳೇ. ರಿಂಗುಗಳು ಡಬ್ಬಿಯಲ್ಲಿವೆ. ನನ್ನ ಮಗಳು ಕೇಳುತ್ತಾಳೆ, ಕೊಟ್ಟಿಲ್ಲ.

ಹುಟ್ಟುಹಬ್ಬದ ಆ ಮಧ್ಯಾಹ್ನ ವಡೆ, ಕೋಳಿ ಸಾರು, ಕಡಲೆಬೇಳೆಯ ಸಿಹಿ ಮಡಗಣೆ, ಹೆಚ್ಚಿದ ಇಶಾಡು. ಅಜ್ಜಿ ಅರ್ಧ ವಡೆ ತಿಂದಳು, ಕಾಕಾ ಬಾಯಿಗಿಟ್ಟ ಕೇಕನ್ನು ನುಂಗಿದಳು. ನಾನು ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆ. ಆಮೇಲೆ ಜಗಲಿಯಲ್ಲಿ ಅದೇ ಚಾಪೆ ಹಾಸಿದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿದಳು. ಸದ್ದಿಗಾಗಿ ಕಾದೆ, ಬರಲಿಲ್ಲ. ಅವತ್ತು ಮೊದಲು ನಿದ್ದೆ ಹೋದವಳು ಅಜ್ಜಿ.