ರೊಟ್ಟಿ ಬಡಿಯುವ ಆಳು

ನಮ್ಮೂರಿನಲ್ಲಿ ಗಂಡಾಳಿಗೆ ಒಂದು ಪಗಾರ, ಹೆಣ್ಣಾಳಿಗೆ ಒಂದು. ನಾನು ಲಗ್ನವಾಗಿ ಬಂದಾಗಿನಿಂದ ಹಾಗೇ ಇತ್ತು. ನಮ್ಮ ಮನೆಯವರೂ ನಾನೂ ಒಂದೇ ಹೊಲಕ್ಕೆ ಹೋಗುತ್ತಿದ್ದೆವು, ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು. ಸಂಜೆ ಅವರ ಕೈಗೆ ಬಂದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನನ್ನ ಕೈಗೆ ಬರುತ್ತಿತ್ತು. ಎಮ್ಮೆಗೆ ಕೋಡು ಇರುವ ಹಾಗೆ ಅದೂ ಇತ್ತು. ಯಾಕೆ ಎಂದು ನಾನೂ ಕೇಳಲಿಲ್ಲ, ನನ್ನ ಜೊತೆಯವರೂ ಕೇಳಲಿಲ್ಲ.

ಕೇಳಿದವಳು ನನ್ನ ಸೊಸೆ. ಅದು ಹೋದ ವರ್ಷದ ಉಳ್ಳಾಗಡ್ಡಿ ಸುಗ್ಗಿಯಲ್ಲಿ.

ಆ ಹೊತ್ತಿಗೆ ನಮ್ಮ ಮನೆಯವರು ತೀರಿಕೊಂಡು ಬಹಳ ದಿನವಾಗಿತ್ತು. ನನ್ನ ಮೊಣಕಾಲು ಎರಡೂ ಹೋಗಿದ್ದವು. ಮಗ, ಸೊಸೆ ಕೂಲಿಗೆ ಹೋಗುತ್ತಿದ್ದರು, ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಹೋಗುವವರನ್ನೂ ಬರುವವರನ್ನೂ ನೋಡುತ್ತಿದ್ದೆ. ನಮ್ಮ ಓಣಿಯ ಆರು ಮಂದಿ ಹೆಂಗಸರು ಕೂಡಿ ಹೊಲಕ್ಕೆ ಹೋಗುತ್ತಿದ್ದರು. ಅವರಲ್ಲಿ ನನ್ನ ಸೊಸೆಯೇ ಮುಂದು. ಯಾರ ಹೊಲ, ಎಷ್ಟು ದಿನ, ಎಲ್ಲ ಅವಳೇ ಮಾತಾಡುವವಳು.

ಊರ ಗೌಡರ ಹೊಲದಲ್ಲಿ ಆ ಸಲ ಉಳ್ಳಾಗಡ್ಡಿ ಚೆನ್ನಾಗಿ ಬಂದಿತ್ತು. ಹೆಂಗಸರು ಗಡ್ಡೆ ಕಿತ್ತು, ಕೂತು ತಪ್ಪಲು ಕೊಯ್ಯಬೇಕು. ಗಂಡಸರು ಚೀಲ ತುಂಬಿ, ಬಾಯಿ ಹೊಲಿದು, ಗಾಡಿಗೆ ಏರಿಸಬೇಕು. ಗೌಡರು ಕೆಟ್ಟವರಲ್ಲ. ಯಾರ ಕೂಲಿಯನ್ನೂ ನಾಳೆ, ನಾಡಿದ್ದು ಎಂದು ಎಳೆದವರಲ್ಲ. ಮೊದಲ ದಿನ ಹೊಲದಲ್ಲಿ ಎಲ್ಲರ ಮುಂದೆಯೇ ನನ್ನ ಸೊಸೆ ಅವರನ್ನು ಕೇಳಿದಳಂತೆ.

"ಗೌಡ್ರ, ಈ ಸಲ ನಮಗೂ ಗಂಡಾಳಿನ ಪಗಾರ ಕೊಡ್ರಿ."

"ಯಾಕ್ ಬೇ, ಮೀಸಿ ಬಂದಾವೇನ?" ಅಂದರಂತೆ ಗೌಡರು. ಗಂಡಸರೆಲ್ಲ ನಕ್ಕರು, ನನ್ನ ಮಗನೂ ನಕ್ಕ. ಆಮೇಲೆ ಗೌಡರೇ ತಣ್ಣಗೆ ಹೇಳಿದರು. "ಅವ್ರು ಏಳಕ್ಕ ಬರ್ತಾರ, ನೀವು ಬರೂದು ಹತ್ತಕ್ಕ. ಅವ್ರು ಚೀಲ ಹೊರ್ತಾರ, ನೀವು ಕುಂತ ತಪ್ಪಲ ಕೊಯ್ತೀರಿ. ಕುಂತ ಮಾಡೂ ಕೆಲಸಕ್ಕ ಅಷ್ಟ ಪಗಾರ ಹೆಂಗ ಕೊಡ್ಲಿ ಹೇಳು?"

"ನಿಂತ ಕೊಯ್ಯೂದು ಹೆಂಗಂತ ತೋರಸ್ರಿ, ನಿಂತ ಕೊಯ್ತೀವಿ."

"ಬಾಯಿ ಜೋರೈತಿ ನಿಂದು. ಆತು, ಅದು ಇರ್ಲಿ. ಗಂಡಾಳಿನ ಕೂಡ ಏಳಕ್ಕ ಬರ್ರಿ, ಅವ್ರ ಕೂಡನ ಮನಿಗೆ ಹೋಗ್ರಿ. ಎಲ್ಲಾರಿಗೂ ಒಂದ ಪಗಾರ ಕೊಡ್ತೀನಿ. ಆತಿಲ್ಲ?"

ಆಗುವುದಿಲ್ಲ ಎಂದು ಗೊತ್ತಿದ್ದೇ ಅವರು ಆ ಮಾತು ಹೇಳಿದ್ದು.

ಸಂಜೆ ಆರೂ ಮಂದಿ ನಮ್ಮ ಕಟ್ಟೆಗೆ ಬಂದು ಕೂತರು. ನಡೆದದ್ದನ್ನು ಸೊಸೆ ಹೇಳಿದಳು. ನಾನು ಕೇಳಿದೆ. ಹೊತ್ತಿನ ಮಾತು ಬರೀ ನೆಪ ಎಂದು ನನಗೆ ಗೊತ್ತಿತ್ತು. ಕಡಲೆ ಕೀಳುವಾಗ ಇಬ್ಬನಿ ಆರುವುದರೊಳಗೆ ಕೀಳಬೇಕು, ಬಿಸಿಲು ಬಿದ್ದರೆ ಕಾಯಿ ಉದುರುತ್ತದೆ. ಹೊತ್ತು ಹುಟ್ಟುವ ಮೊದಲೇ ನಾವು ಹೊಲದಲ್ಲಿ ಇರುತ್ತಿದ್ದೆವು, ಇಬ್ಬನಿ ಆರಿದ ಮೇಲೆ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆವು, ಗಂಡಸರು ಅದನ್ನು ಉಂಡು ಆಮೇಲೆ ಬರುತ್ತಿದ್ದರು. ಆಗಲೂ ನಮಗೆ ಹೆಣ್ಣಾಳಿನ ಪಗಾರವೇ. ಆದರೆ ಅದನ್ನು ತೆಗೆದು ಜಗಳ ಮಾಡಿ ಉಪಯೋಗವಿಲ್ಲ. ಗೌಡರು ಎಲ್ಲರ ಮುಂದೆ ಒಂದು ಮಾತು ಆಡಿದ್ದಾರೆ. ಆಡಿದ ಮಾತನ್ನು ಹಿಡಿಯಬಹುದು.

"ಏಳಕ್ಕ ಹೋಗ್ರಿ ಹಂಗಾರ," ಅಂದೆ.

"ಹೆಂಗ ಹೋಗೂದು ಆಯಿ?" ಅಂದಳು ಎದುರು ಮನೆಯವಳು. ಇವಳು ದುಡಿಮೆಗೆ ಗಟ್ಟಿ, ಕೈ ಮಾತ್ರ ಬಿಗಿ. "ರೊಟ್ಟಿ ಯಾರು ಬಡೀಬೇಕು?"

ಅದೇ ಗಂಟು. ಏಳಕ್ಕೆ ಗಂಡಸು ಹೊಲದಲ್ಲಿ ನಿಲ್ಲಬೇಕಾದರೆ ಆರಕ್ಕೆ ಅವನ ಬುತ್ತಿ ಕಟ್ಟಿರಬೇಕು. ಕಟ್ಟಿದವಳು ಉಳಿದವರಿಗೂ ರೊಟ್ಟಿ ಬಡಿದು, ನೀರು ತುಂಬಿ, ಎಮ್ಮೆಗೆ ಮೇವು ಹಾಕಿ, ಮಕ್ಕಳನ್ನು ಸಾಲಿಗೆ ಕಳಿಸಿ ಹೊಲ ಮುಟ್ಟುವುದರಲ್ಲಿ ಹತ್ತಾಗುತ್ತದೆ. ಅವನು ಏಳಕ್ಕೆ ಹೋಗುವುದು ಇವಳು ಹತ್ತಕ್ಕೆ ಹೋಗುವುದರಿಂದ. ನೀರು, ಮೇವು ಹೇಗಾದರೂ ರಾತ್ರಿ ಮಾಡಿಟ್ಟಾರು. ರೊಟ್ಟಿ ಬಿಸಿಯಾಗಿಯೇ ಬೇಕು, ನಿನ್ನೆಯದು ಮುರಿದರೆ ಗಂಡಸರು ಮುಖ ಮುರಿಯುತ್ತಾರೆ.

"ನಿನ್ನ ಗಂಡಗ ಬಡಿಯಾಕ ಹೇಳು," ಅಂದಳು ಒಬ್ಬಳು.

"ಅಂವ ಬಡದ ರೊಟ್ಟಿ ಸೈಕಲ್ಲಿಗೆ ಗಾಲಿ ಅಂತ ಹಾಕಿದ್ರ ಅಣ್ಣಿಗೇರಿ ಮುಟ್ಟಬಹುದು," ಅಂದಳು ಹೊಸದಾಗಿ ಲಗ್ನವಾಗಿ ಬಂದ ಹುಡುಗಿ. ಎಲ್ಲರೂ ನಕ್ಕರು. ಅಂಗಡಿಯಿಂದ ರೊಟ್ಟಿ ತರಿಸುವ ಮಾತು ಬಂತು. ಹೆಚ್ಚಿಗೆ ಬರುವ ಪಗಾರವೆಲ್ಲ ಅಂಗಡಿಗೇ ಹೋಗುತ್ತದೆ ಎಂದು ಬಿಟ್ಟರು. ನನ್ನ ಸೊಸೆ ಒಂದು ಕಡ್ಡಿ ಹಿಡಿದು ಕಟ್ಟೆಯ ಮಣ್ಣು ಕೆರೆಯುತ್ತಿದ್ದಳು. ಈ ಸಲ ಬಿಟ್ಟರೆ ಮತ್ತೆ ಕೇಳಲು ಅವಳಿಗೆ ಮುಖವಿರುವುದಿಲ್ಲ ಎಂಬುದು ನನಗೆ ಕಂಡಿತು.

"ನಾ ಬಡೀತೀನಿ," ಅಂದೆ. "ಆರೂ ಮನೀದು."

ನನ್ನ ಕಾಲು ಹೋಗಿವೆ, ಕೈ ಹೋಗಿಲ್ಲ. ಒಲೆ ಮುಂದೆ ಕಾಲು ಚಾಚಿ ಕೂತರೆ ಮೊಣಕಾಲಿನ ಹಂಗೇ ಇಲ್ಲ.

ಎಲ್ಲರ ಮುಖವೂ ಅರಳಿತು. ಆಯಿ ಹಂಗ, ಆಯಿ ಹಿಂಗ ಎಂದು ಹೊಗಳಲು ಹತ್ತಿದರು. ನಾನು ತಡೆದೆ.

"ನನ್ನ ಒಂದ ಆಳ ಅಂತ ಹಿಡೀರಿ. ಗೌಡ್ರು ನಿಮ್ಮಲ್ಲಿ ಒಬ್ಬಾಕಿಗೆ ಏನ ಕೊಡ್ತಾರ, ಅಷ್ಟು ಆರೂ ಮಂದಿ ಕೂಡಿ ನನಗ ಕೊಡ್ರಿ."

ಹೊಗಳಿಕೆ ಅಲ್ಲಿಗೇ ನಿಂತಿತು. ಆರರಲ್ಲಿ ಹಂಚಿದರೆ ಅದು ದೊಡ್ಡ ಭಾರವಲ್ಲ. ಹೆಚ್ಚಿಗೆ ಬರುವುದರಲ್ಲಿ ಅದನ್ನು ಕೊಟ್ಟರೂ ಬಹಳ ಉಳಿಯುತ್ತಿತ್ತು. ಆದರೂ ಎದುರು ಮನೆಯವಳು ಕುತ್ತಿಗೆ ಸೊಟ್ಟ ಮಾಡಿದಳು.

"ಕೊಡೂದಿಲ್ಲ ಅನ್ನೂದಿಲ್ಲ ಆಯಿ. ಅರ್ಧ ಕೊಡ್ತೀವಿ. ನಿಂದು ಮನ್ಯಾಗಿನ ಕೆಲಸಲ್ಲ? ಬಿಸಲಿಲ್ಲ, ಬಗ್ಗೂದಿಲ್ಲ. ಕುಂತ ಮಾಡೂದು."

"ಗೌಡ್ರ ಮಾತ ಎಷ್ಟ ಲಗೂನ ಕಲ್ತಿ ಲೇ," ಅಂದೆ. "ಮುಂಜಾನಿ ಕೇಳಿದ್ದು ಸಂಜೀಕ ಬಾಯಾಗ ಬಂತು."

ಹೊಸ ಹುಡುಗಿ ಸೆರಗು ಬಾಯಿಗೆ ಹಿಡಿದಳು. ಎದುರು ಮನೆಯವಳು ಸೋಲಲಿಲ್ಲ. "ಅದು ಬ್ಯಾರೆ, ಇದು ಬ್ಯಾರೆ."

"ಬ್ಯಾರೆ ಹೆಂಗ? ಅರ್ಧ ಪಗಾರ ಕೊಡೂದಾದ್ರ ನಾನೂ ಹತ್ತಕ್ಕ ಎದ್ದು ಬಡೀತೀನಿ. ತಗೊಂಡ ಹೋಗ್ರಿ."

ಸೊಸೆಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಮಂದಿ ಮುಂದೆ ತೋರಿಸುವ ಹಾಗಿಲ್ಲ. "ಅತ್ತಿ, ನಮ್ಮ ಮನಿ ರೊಟ್ಟಿಗೂ ರೊಕ್ಕ ತಗೋತೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ತಗೋತೀನಿ. ನಿನ್ನ ಪಗಾರ ನಾ ಯಾವಾಗರೆ ಕೇಳೇನೇನ? ನಂದು ನನ್ನ ಕಡೆ ಇರ್ಲಿ."

ಅವಳು ಕೈಯಲ್ಲಿದ್ದ ಕಡ್ಡಿ ಒಗೆದು, ಉಳಿದವರ ಕಡೆ ತಿರುಗಿ, "ಕೊಡೂಣು. ನಾವು ಕೇಳೂದು ಖರೇ ಇದ್ರ, ಅತ್ತಿ ಕೇಳೂದೂ ಖರೇನ," ಅಂದಳು. ಎದುರು ಮನೆಯವಳು ಎದ್ದು ಹೋದಳು. ಬೆಳಗ್ಗೆ ನೋಡಿದರೆ ನನ್ನ ಒಲೆಯ ಹತ್ತಿರ ತಂದಿಟ್ಟ ಜೋಳದ ಹಿಟ್ಟಿನ ಡಬ್ಬಿಗಳಲ್ಲಿ ಅವಳ ಡಬ್ಬಿಯೂ ಇತ್ತು.

ಹಿಟ್ಟು ಅವರವರದು, ಪಲ್ಯ, ಚಟ್ನಿ ಅವರವರದು. ಒಲೆ, ಹತ್ತಿ ಕಟ್ಟಿಗೆ ನನ್ನವು. ಎಲ್ಲರೂ ನಮ್ಮ ಓಣಿಯವರೇ ಆದ್ದರಿಂದ ಯಾರ ಕೈ ರೊಟ್ಟಿ ಎಂಬ ತಕರಾರು ಬರಲಿಲ್ಲ. ಬೇರೆ ಓಣಿಯವರು ಇದ್ದಿದ್ದರೆ ಬರುತ್ತಿತ್ತು. ಎರಡು ಒಲೆಯ ಮೇಲೆ ಎರಡು ಹಂಚು ಇಟ್ಟು ಕತ್ತಲಿದ್ದಾಗಲೇ ಬಡಿಯಲು ಕೂಡುತ್ತಿದ್ದೆ. ಒಂದು ಬೇಯುವಾಗ ಇನ್ನೊಂದು ಬಡಿಯುವುದು. ಮೊದಲ ಎರಡು ದಿನ ಭುಜ ಹಿಡಿದುಕೊಂಡಿತು, ಮೂರನೆಯ ದಿನ ಸುಮ್ಮನಾಯಿತು.

ಮಗ ಮೊದಲ ದಿನವೇ ಬುತ್ತಿ ಬಿಚ್ಚಿ ನೋಡಿದ. "ಯವ್ವಾ, ರೊಟ್ಟಿ ದಪ್ಪ ಆಗ್ಯಾವಲ್ಲ."

"ಆರ ಮನೀದು ಬಡಿಯೂದೈತಿ. ತೆಳ್ಳಗ ಬೇಕಾದ್ರ ನೀ ಬಡಿ."

ಅವನಿಗೆ ರೊಟ್ಟಿಗಿಂತ ಬೇರೆ ಉರಿ ಇತ್ತು. "ಹೇಣ್ತಿಗೂ ನನಗೂ ಒಂದ ಪಗಾರ ಅಂದ್ರ ನನ್ನ ಮರ್ಯಾದಿ ಏನ ಉಳೀತು?" ಅಂದ.

"ಬರೂ ರೊಕ್ಕ ನಿನ್ನ ಮನೀಗೆ ಬರ್ತೈತಿ. ಮರ್ಯಾದಿ ತಗೊಂಡ ಸಂತ್ಯಾಗ ಮಾರ್ತೀಯೇನ?" ಅಂದೆ. ಬುತ್ತಿ ಎತ್ತಿಕೊಂಡು ಹೋದ.

ಆ ದಿನ ಹೆಂಗಸರು ಏಳಕ್ಕೆ ಹೊಲದಲ್ಲಿದ್ದರು. ಸಂಜೆ ಬಂದು ಸೊಸೆ ಹೇಳಿದಳು. "ಅತ್ತಿ, ಬೆಳ್ಳಕ್ಕಿ ಬಿಟ್ರ ಹೊಲದಾಗ ಯಾರೂ ಇದ್ದಿಲ್ರಿ." ಗಂಡಾಳುಗಳು ಏಳಕ್ಕೆ ಮನೆ ಬಿಡುವುದು ಖರೆ, ಬಸ್ ಸ್ಟ್ಯಾಂಡಿನಲ್ಲಿ ಚಹ ಕುಡಿದು, ತಂಬಾಕು ತಿಕ್ಕಿ ಹೊಲ ಮುಟ್ಟುವುದು ಎಂಟಕ್ಕೆ. ಅದು ನಮ್ಮ ಹೆಂಗಸರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹತ್ತಕ್ಕೆ ಹೋಗುವವರಿಗೆ ಹೇಗೆ ಗೊತ್ತಾಗಬೇಕು? ಗೌಡರು ಮೋಟರ್ ಸೈಕಲ್ ಮೇಲೆ ಬಂದಾಗ ಇವರು ಎರಡು ಸಾಲು ಕಿತ್ತು ಮುಗಿಸಿದ್ದರಂತೆ.

"ಎಷ್ಟೊತ್ತಿಗೆ ಬಂದ್ರಿ ಬೇ?"

"ನೀವು ಹೇಳಿದ ಹೊತ್ತಿಗೆ ರೀ."

ಗೌಡರು ಗಡಿಯಾರ ನೋಡಿಕೊಂಡರು. "ಒಂದಿನ ಯಾರರೆ ಬರ್ತಾರ. ವಾರ ಬರ್ರಿ ನೋಡೂಣು," ಅಂದರು.

ವಾರವೂ ಹೋದರು. ವಾರದ ಕೊನೆಗೆ ಪಗಾರ ಕೊಡುವಾಗ ಗೌಡರು ಚೀಲ ಹೊರುವ ಮಾತನ್ನು ಮತ್ತೆ ತೆಗೆದರಂತೆ. ಅಷ್ಟರಲ್ಲಿ ಗಂಡಾಳುಗಳಲ್ಲಿ ಹಿರಿಯನೊಬ್ಬ, "ಗೌಡ್ರ, ಇವ್ರು ಲಗೂ ಬಂದು ಕೊಯ್ದ ಹಾಕಿದ್ರ ನಮಗ ಚೀಲ ತುಂಬಾಕ ಸಲೀಸ ಆಗೈತಿ. ಒಮ್ಮೆ ಮಾತ ಆಡೀರಿ, ಕೊಟ್ಟಬಿಡ್ರಿ," ಅಂದ. ಗೌಡರಿಗೂ ಲೆಕ್ಕ ತಿಳಿದಿತ್ತು. ಮಳೆ ಬೀಳುವುದರೊಳಗೆ ಉಳ್ಳಾಗಡ್ಡಿ ಪೇಟೆ ಮುಟ್ಟಬೇಕು. ಎಲ್ಲರಿಗೂ ಒಂದೇ ಪಗಾರ ಕೊಟ್ಟರು.

ಅಂದು ಸಂಜೆ ಆರೂ ಮಂದಿ ಕಟ್ಟೆಗೆ ಬಂದರು. ನನ್ನ ಪಾಲು ಕೂಡಿಸಿ ಸೊಸೆ ನನ್ನ ಕೈಯಲ್ಲಿಟ್ಟಳು. ಗಂಡಾಳಿನ ಪಗಾರ ನನ್ನ ಕೈಗೆ ಬಂದದ್ದು ಅದೇ ಮೊದಲು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮುದುಕಿ ಅತ್ತಳು ಎಂದು ಹೊಸ ಹುಡುಗಿ ಹೇಳಿಕೊಂಡು ತಿರುಗಿದಳು. ನಾನು ಅತ್ತಿಲ್ಲ, ಹತ್ತಿ ಕಟ್ಟಿಗೆಯ ಹೊಗೆಗೆ ಕಣ್ಣು ಆ ವಾರವೆಲ್ಲ ಕೆಂಪಗೇ ಇದ್ದವು.

ಸಾಲಿ ಮಕ್ಕಳ ವಿಷಯ ಮಾತ್ರ ನಾವು ಮೊದಲೇ ಮಾತಾಡಿರಲಿಲ್ಲ. ತಾಯಂದಿರು ಹೋದ ಮೇಲೆ ಆರೂ ಮನೆಯ ಮಕ್ಕಳು ಬಂದು ನನ್ನ ಒಲೆ ಮುಂದೆ ಕೂಡುತ್ತಿದ್ದವು. ರೊಟ್ಟಿ ಕೊಟ್ಟು, ಮೂಗು ಒರೆಸಿ ಸಾಲಿಗೆ ಅಟ್ಟುತ್ತಿದ್ದೆ. ಅದನ್ನು ಪಗಾರದಲ್ಲಿ ಹಿಡಿದಿರಲಿಲ್ಲ. ಮುಂದಿನ ಸಲ ಹಿಡಿಯಬೇಕು.

ಎರಡನೆಯ ವಾರದಲ್ಲಿ ಒಂದು ದಿನ ಮಧ್ಯಾಹ್ನ ಮಳೆ ಬಂತು. ಕಿತ್ತ ಗಡ್ಡೆಯ ಮೇಲೆ ತಾಡಪತ್ರಿ ಹೊದಿಸಿ ಎಲ್ಲರೂ ಮನೆಗೆ ಬಂದರು. ಸಂಜೆ ಎದುರು ಮನೆಯವಳು ಒಬ್ಬಳೇ ಬಂದು ಕಟ್ಟೆಯ ಹತ್ತಿರ ನಿಂತಳು.

"ಆಯಿ, ಇವತ್ತ ಅರ್ಧ ದಿನದ ಪಗಾರ ಹಿಡ್ದಾರ. ನಿನಗೂ ಅರ್ಧನ." ಜಗಳಕ್ಕೆ ತಯಾರಾಗಿಯೇ ಬಂದಿದ್ದಳು.

ನನ್ನ ಸೊಸೆ ಒಳಗಿನಿಂದ ಬಂದಳು. "ಅದು ಹೆಂಗವಾ? ಮಳಿ ಬರೂಕಿಂತ ಮೊದ್ಲ ಅತ್ತಿ ರೊಟ್ಟಿ ಪೂರಾ ಬಡದಾರ. ನಾವು ಪೂರಾ ತಿಂದೀವಿ. ಪೂರಾ ಕೊಡಬೇಕು."

ನಾನು ಕೇಳಿದೆ. "ಗಂಡಸರಿಗೆ ಎಷ್ಟ ಹಿಡ್ದಾರ?"

"ಅವ್ರಿಗೂ ಅರ್ಧ," ಅಂದಳು ಎದುರು ಮನೆಯವಳು.

"ನಿಮಗ?"

"ನಮಗೂ ಅಷ್ಟ."

"ಹಂಗಾರ ನನಗೂ ಅರ್ಧ ಕೊಡ್ರಿ. ಒಂದ ಆಳ ಅಂದ ಮ್ಯಾಲ ಮಳಿ ನನ್ನ ಮ್ಯಾಲೂ ಬಿದ್ದಂಗ."

ಸೊಸೆ ನನ್ನ ಮುಖ ನೋಡಿದಳು. ಎದುರು ಮನೆಯವಳಿಗೆ ಜಗಳ ತಪ್ಪಿದ್ದು ಒಂದು ಥರ ಬೇಸರವಾಯಿತೇನೋ, ಕಟ್ಟೆ ಹತ್ತಿ ನನ್ನ ಬಾಜು ಕೂತಳು. "ನಾಳೆ ಮಳಿ ಇಲ್ಲಂದ್ರ ಏಳಕ್ಕನಲ್ಲ?" ಎಂದು ಸೊಸೆಯನ್ನು ಕೇಳಿದಳು.

"ಏಳಕ್ಕ," ಅಂದಳು ಸೊಸೆ. "ಡಬ್ಬಿ ಈಗ ಇಟ್ಟ ಹೋಗ್ರಿ."

ಈ ವರ್ಷವೂ ನಮ್ಮ ಓಣಿಯವರು ಏಳಕ್ಕೆ ಹೋಗುತ್ತಾರೆ, ಗಂಡಾಳಿನ ಪಗಾರ ತರುತ್ತಾರೆ, ನನ್ನ ಪಾಲು ನನಗೆ ಕೊಡುತ್ತಾರೆ. ಉಳಿದ ಓಣಿಗಳಲ್ಲಿ ಹೆಂಗಸರು ಹತ್ತಕ್ಕೇ ಹೋಗುತ್ತಾರೆ, ಹಳೆಯ ಪಗಾರವೇ ತರುತ್ತಾರೆ. ಯಾಕೆ ಎಂದು ಕೇಳಿದರೆ, ನಿಮ್ಮಲ್ಲಿ ರೊಟ್ಟಿಗೆ ಮುದುಕಿ ಇದ್ದಾಳೆ, ನಮ್ಮಲ್ಲಿ ಇಲ್ಲ ಅನ್ನುತ್ತಾರೆ. ಅವರಲ್ಲೂ ಮುದುಕಿಯರು ಇದ್ದಾರೆ, ನಾನು ಬಲ್ಲೆ, ಕೈ ಗಟ್ಟಿ ಇರುವವರೇ ಇದ್ದಾರೆ. ಬಡಿ ಎಂದರೆ ಪಗಾರ ಕೇಳುತ್ತಾರೆ ಎಂಬ ಅಂಜಿಕೆಗೆ ಅವರನ್ನು ಯಾರೂ ಕೇಳಿಲ್ಲ.