ಅಬ್ಬಾ ಬಿಗಿದ ಹೆಡ್ಡು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ನಮ್ಮ ಗ್ಯಾರೇಜಿತ್ತು. ನನ್ನ ತಂದೆ, ನಾವು ಅಬ್ಬಾ ಎನ್ನುತ್ತಿದ್ದೆವು, ಹೆಡ್ ಕೆಲಸಕ್ಕೆ ಹೆಸರಾದವರು. ಇಂಜಿನ್ನಿನ ಕೆಳಭಾಗ ಬ್ಲಾಕು, ಮೇಲಿನ ಮುಚ್ಚಳ ಹೆಡ್ಡು. ಎರಡರ ನಡುವೆ ರಟ್ಟಿನಷ್ಟು ತೆಳುವಾದ ಹಾಳೆಯೊಂದಿರುತ್ತದೆ, ಅದೇ ಹೆಡ್ ಗ್ಯಾಸ್ಕೆಟ್. ಒಳಗಿನ ಬೆಂಕಿ, ನೀರು, ಆಯಿಲ್ ಒಂದರ ದಾರಿಗೆ ಇನ್ನೊಂದು ಬರದಂತೆ ತಡೆಯುವುದು ಅದರ ಕೆಲಸ. ಅದು ಸುಟ್ಟರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ರೇಡಿಯೇಟರಿನಲ್ಲಿ ಎಷ್ಟು ಸುರಿದರೂ ನೀರು ನಿಲ್ಲುವುದಿಲ್ಲ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆಯ ಬಿಸಿಲಿಗೂ ಬೋರ್‌ವೆಲ್ಲಿನ ಉಪ್ಪುನೀರಿಗೂ ಇದು ಸದಾ ಇದ್ದ ಕಾಯಿಲೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಒಮ್ಮೆ ನೀರು ನೋಡಿಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಬಂಪರಿಗೆ ನಿಂಬೆಹಣ್ಣು ಕಟ್ಟುವುದನ್ನು ಮಾತ್ರ ಒಬ್ಬರೂ ಮರೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅಬ್ಬಾಗೆ ಲಕ್ವಾ ಹೊಡೆಯಿತು. ಕಾಲು ಸರಿಹೋಯಿತು, ಮಾತು ಮರಳಿತು. ಬಲಗೈಗೆ ಹಿಡಿತ ಅರ್ಧ ಬಂತು, ಎಷ್ಟು ಬಿಗಿ ಹಿಡಿದಿದ್ದೇನೆಂಬ ಅರಿವು ಬರಲಿಲ್ಲ. ಆದರೂ ನನಗಿಂತ ಮುಂಚೆ ಗ್ಯಾರೇಜಿಗೆ ಬಂದು, ಯಾವುದೋ ಕಾರಿನಿಂದ ಬಿಚ್ಚಿಟ್ಟಿದ್ದ ಸೀಟಿನ ಮೇಲೆ ಕೂರುತ್ತಿದ್ದರು. ಗಿರಾಕಿಗಳೂ ಅವರನ್ನು ಬಿಡುತ್ತಿರಲಿಲ್ಲ. ನಾಟಿ ವೈದ್ಯರಿಗೆ, ಸೂಲಗಿತ್ತಿಗೆ ಇದ್ದಂತೆ ಮೆಕ್ಯಾನಿಕ್‌ಗೂ ಕೈಗುಣ ಇರುತ್ತದೆಂದು ನಮ್ಮ ಕಡೆಯವರ ನಂಬಿಕೆ. ಕೆಲಸವೆಲ್ಲ ನಾನೇ ಮಾಡಿದರೂ ಮೊದಲ ಬೋಲ್ಟಿಗೆ ಅಬ್ಬಾ ಪಾನಾ ಹಾಕಬೇಕು. ನನಗೆ ರೇಗುತ್ತಿತ್ತು. ಬೋಲ್ಟಿಗೇನು ಗೊತ್ತು ಯಾರ ಕೈಗುಣ ಎಂಥದ್ದೆಂದು? ಆದರೆ ಹಾಗೆ ಪಾನಾ ಹಿಡಿದ ದಿನ ಅಬ್ಬಾ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ನಮ್ಮ ಹಳೆಯ ಗಿರಾಕಿ. ಒಂದು ದಿನ ಅವರ ಸಣ್ಣ ಬಿಳಿ ಕಾರು ಕುದ್ದು ನಿಂತಿತು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಹೆಡ್ ಇಳಿಸಿದರೆ ಗ್ಯಾಸ್ಕೆಟ್ ಎರಡು ಸಿಲಿಂಡರುಗಳ ನಡುವೆ ಕರಕಲಾಗಿತ್ತು. ಹೆಡ್ಡಿನ ಮೈಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ನೋಡಿದೆ. ಅಡಿಯಲ್ಲಿ ಬೆಳಕು ಕಂಡಿತು, ಅಂದರೆ ಬಿಸಿಗೆ ಡೊಂಕಾಗಿತ್ತು. ಲೇತಿಗೆ ಕಳಿಸಿ ಮಟ್ಟ ಮಾಡಿಸಿದೆ. ಗೀರು ಬೀಳದಂತೆ ಎರಡೂ ಮೈ ಉಜ್ಜಿ ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ ಹೆಡ್ ಇಟ್ಟೆ. ಇನ್ನು ಉಳಿದದ್ದು ಬೋಲ್ಟು ಬಿಗಿಯುವುದು. ನಡುವಿನಿಂದ ಹೊರಕ್ಕೆ, ಪ್ರತಿ ಸುತ್ತಿನಲ್ಲೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಕೊನೆಗೆ ಎಲ್ಲ ಬೋಲ್ಟೂ ಒಂದೇ ಬಿಗಿಯಲ್ಲಿರಬೇಕು.

"ಸಾಹೇಬ್ರೇ, ಈ ಸಲ ಬರೇ ಮುಟ್ಟಿದ್ರೆ ಸಾಲ್ದು, ಪೂರ್ತಿ ನೀವೇ ಬಿಗೀಬೇಕು," ಎಂದರು ವ್ಯಾಪಾರಿ. "ಮಗಳು ಬಾಣಂತನ ಮುಗಿಸ್ಕಂಡು ಬಳ್ಳಾರಿಗೆ, ಗಂಡನ ಮನೆಗೆ ಹೊಂಟವ್ಳೆ. ಇದೇ ಕಾರಾಗೆ ಕರ್ಕಂಡು ಹೋಗ್ಬೇಕು."

ಅಬ್ಬಾ ಎದ್ದು ನಿಂತರು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಕಳೆ ಬಂದಿತ್ತು. ನಾನು ಟಾರ್ಕ್ ರೆಂಚ್ ಕೈಗೆತ್ತಿಕೊಂಡೆ. ಬೋಲ್ಟು ಎಷ್ಟು ಬಿಗಿಯಾಗಿದೆಯೆಂದು ತೋರಿಸುವ ಪಾನಾ ಅದು.

"ಕೊನೇ ಸುತ್ತು ಇದ್ರಾಗೆ ನೋಡ್ತೀನಿ ಅಬ್ಬಾ."

"ಒಳಗಿಡು ಲೇ. ಅದು ಈ ಊರಿಗೆ ಬರೋಕೆ ಮುಂಚೆ ಹೆಡ್ ಕಟ್ಟೀನಿ ನಾನು."

ಬೆವರು ಸುರಿಸುತ್ತ ಬಿಗಿದರು. ಬಲಗೈ ನಡುಗಿದಾಗ ಎಡಗೈ ಆನಿಸಿಕೊಂಡರು. ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋದಾಗ ಒಮ್ಮೆ ರೆಂಚ್ ಹಾಕಿ ನೋಡೋಣವೆಂದು ಕಾದೆ. ಅಂದು ಅವರು ಮಸೀದಿಗೇ ಹೋಗಲಿಲ್ಲ. ಕಾರಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ನಮಾಜ್ ಮಾಡಿದರು. ಅವರಿಗೆ ನನ್ನ ಬುದ್ಧಿ ಗೊತ್ತಿತ್ತು. ಇಂಜಿನ್ ಚಾಲೂ ಮಾಡಿದರೆ ಎಲ್ಲೂ ಸೋರಲಿಲ್ಲ, ಸದ್ದೂ ಚೆನ್ನಾಗಿತ್ತು. ವ್ಯಾಪಾರಿ ಕೈಮುಗಿದು ಹೊರಟರು.

ಮುಂದಿನ ತಿಂಗಳುಗಳಲ್ಲಿ ಅವರು ಸೀರೆ ಕೊಡಲು ಊರಿಗೆ ಬಂದಾಗಲೆಲ್ಲ ನಮ್ಮಲ್ಲಿಗೂ ಬಂದು, "ಕಾರು ಬೆಣ್ಣೆ ಇದ್ದಂಗೈತೆ ಸಾಹೇಬ್ರೇ" ಎಂದು ಹೇಳಿ ಹೋಗುತ್ತಿದ್ದರು. ಅಬ್ಬಾ ಅದನ್ನು ಚಹಾದಂಗಡಿಯಲ್ಲಿ, ಮಂಡಿಪೇಟೆಯಲ್ಲಿ, ಸಿಕ್ಕವರಿಗೆಲ್ಲ ಹೇಳಿದರು. ಹೆಡ್ ಕೆಲಸ ಬಂದರೆ ತಮ್ಮನ್ನೇ ಕರೆಯಬೇಕೆಂದರು. ಬೆಳಿಗ್ಗೆ ರಬ್ಬರ್ ಚೆಂಡು ಹಿಚುಕಿ ಕೈ ಪಳಗಿಸಲು ಶುರುಮಾಡಿದರು. ನಾನೂ ನಂಬಿದೆ. ಸುಳ್ಳಲ್ಲ, ಕೈಗುಣವನ್ನು ಆಡಿಕೊಳ್ಳುತ್ತಿದ್ದ ನಾನೇ ನಂಬಿದೆ.

ಆಮೇಲೆ ಒಂದು ದಿನ ವ್ಯಾಪಾರಿ ಫ್ಯಾನ್ ಬೆಲ್ಟ್ ಹಾಕಿಸಲು ಬಂದರು. ಬಾನೆಟ್ ಎತ್ತಿದ್ದೇ ತಡ, ಅಬ್ಬಾ ತಾವು ಕಟ್ಟಿದ ಹೆಡ್ ನೋಡಲು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾನೂ ಇಣುಕಿದೆ. ಹೆಡ್ಡು ಬ್ಲಾಕು ಸೇರುವ ಅಂಚಿನಲ್ಲಿ ಸಂದು ಮುಚ್ಚುವ ಕೆಂಪು ಪೇಸ್ಟು ಹೊರಗೆ ಉಕ್ಕಿ ಒಣಗಿತ್ತು. ನಾವು ಒಣಮೈಯ ಮೇಲೆ ಒಣ ಗ್ಯಾಸ್ಕೆಟ್ ಕೂರಿಸುವವರು, ಪೇಸ್ಟು ಹಚ್ಚಿದವರೇ ಅಲ್ಲ. ಬೇರೆ ಯಾರೋ ಹೆಡ್ ಇಳಿಸಿ ಮತ್ತೆ ಕಟ್ಟಿದ್ದರು.

"ಎಲ್ಲಿ ಕುದೀತು ಯಜಮಾನ್ರೇ?" ಎಂದರು ಅಬ್ಬಾ.

"ಇಲ್ಲ ಸಾಹೇಬ್ರೇ, ಎಲ್ಲೂ..."

"ಹೇಳ್ರಿ."

ವ್ಯಾಪಾರಿ ತಲೆ ತಗ್ಗಿಸಿದರು. "ರಾಂಪುರ ದಾಟಿದ ಮ್ಯಾಲೆ. ಮಗಳು, ಕೂಸು ಇದ್ರು. ಒಂದು ಜಾಲಿಮರ ಸಿಕ್ತು, ನೆಳ್ಳಾಗೆ ಕುಂತ್ವಿ. ಪರ್ವಾಲೇದು, ಏನೂ ಆಗ್ಲಿಲ್ಲ. ಆಮೇಲೆ ಬಳ್ಳಾರ್ಯಾಗೆ ಮಾಡಿಸ್ದೆ."

"ಹಸಿಗೂಸು, ಆ ಬಿಸ್ಲಾಗೆ," ಎಂದರು ಅಬ್ಬಾ. ಒಣಗಿದ ಆ ಪೇಸ್ಟಿನ ಮೇಲೆ ಬೆರಳಾಡಿಸಿ, "ನನಗ್ಯಾಕೆ ಹೇಳ್ಲಿಲ್ರಿ?"

"ನೀವು ನೊಂದ್ಕಂತೀರಿ ಅಂತ."

ಅಬ್ಬಾ ಅವರಿಗೆ ಚಹಾ ತರಿಸಿಕೊಟ್ಟರು. ತಾವು ಕುಡಿಯಲಿಲ್ಲ. ಬೆಲ್ಟ್ ಹಾಕುವುದನ್ನೂ ನೋಡದೆ, ಬಿಸಿಲಲ್ಲೇ ಮನೆಗೆ ನಡೆದು ಹೋದರು. ಮರುದಿನ ಹೊರಡುವಾಗ "ಬರ್ತೀರಾ ಅಬ್ಬಾ?" ಎಂದು ಕೇಳಿದೆ. "ನೀನು ಹೋಗು" ಎಂದರು. ಅದಾದ ಮೇಲೆ ಅವರು ಗ್ಯಾರೇಜಿನ ಹೊಸ್ತಿಲು ತುಳಿಯಲಿಲ್ಲ.

ಆ ಮನುಷ್ಯ ಅಂದೇ ಬಂದು ಬಾಯಿಗೆ ಬಂದಂತೆ ಬೈದಿದ್ದರೆ, ಜಗಳವಾಡಲಿಕ್ಕಾದರೂ ಅಬ್ಬಾ ಮರುದಿನ ಗ್ಯಾರೇಜಿಗೆ ಬರುತ್ತಿದ್ದರು. ನನಗೆ ಇವತ್ತಿಗೂ ಹಾಗೇ ಅನ್ನಿಸುತ್ತದೆ. ಅಬ್ಬಾ ಇರುವವರೆಗೂ ವ್ಯಾಪಾರಿ ಊರಿಗೆ ಬಂದಾಗ ಮನೆಗೆ ಬಂದು ಅವರ ಪಕ್ಕ ಕೂತು ಹೋಗುತ್ತಿದ್ದರು. ಅಬ್ಬಾ ಮಗಳ ಕ್ಷೇಮ ಕೇಳುತ್ತಿದ್ದರು, ಮೊಮ್ಮಗುವಿಗೆ ಹಲ್ಲು ಬಂತೇ, ನಡೆಯುತ್ತದೆಯೇ ಎಂದು ಕೇಳುತ್ತಿದ್ದರು. ಕಾರು ಹೇಗಿದೆಯೆಂದು ಒಂದು ದಿನವೂ ಕೇಳಲಿಲ್ಲ.