ಮೀಟರ್ ಕಾಂತರಾಜು ಮತ್ತು ಬಿದಿರಿನ ಕೋಲು

ಕಾಮಾಕ್ಷಿಪಾಳ್ಯದಲ್ಲಿ ಬರೀ ಕಾಂತರಾಜು ಅಂದರೆ ಯಾರಿಗೂ ಗೊತ್ತಾಗದು. ಮೀಟರ್ ಕಾಂತರಾಜು ಅನ್ನಬೇಕು. ಮೂವತ್ತೊಂದು ವರ್ಷದಿಂದ ಸ್ಕೂಟರು, ಆಟೋಗಳ ಪೆಟ್ರೋಲ್ ಮೀಟರು ರಿಪೇರಿ ಮಾಡುವವನು. ಕೈ ಬಂಗಾರ, ಬಾಯಿ ಬೊಂಬಾಯಿ. ಗಾಡಿಗೆ ಸೈಡ್ ಸ್ಟ್ಯಾಂಡ್ ಹಾಕಿ, ಮೀಟರು ಸುಳ್ಳು ಹೇಳುತ್ತಿದೆ ಅಂದವರಿಗೆ ಮುಲಾಜಿಲ್ಲದೆ ಬೈಯುತ್ತಿದ್ದ. "ವಾಲಿಸಿ ನಿಲ್ಲಿಸಿದ್ರೆ ಪೆಟ್ರೋಲು ಒಂದ್ ಕಡೆ ಓಡಲ್ವೇನ್ರೀ? ಸೆಂಟರ್ ಸ್ಟ್ಯಾಂಡ್ ಹಾಕಿ, ಆಮೇಲೆ ನನ್ನ ಮೀಟರ್ ನೋಡಿ!"

ಆ ಬೈಗುಳಕ್ಕೇ ಮನಸೋತು ಸ್ನೇಹ ಬೆಳೆಸಿದವರು ಬಸವೇಶ್ವರನಗರದ ನಾಗಭೂಷಣ್ ಮೇಷ್ಟ್ರು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ, ಮಾಗಡಿ ರಸ್ತೆಯಾಚೆ ಒಂದು ಖಾಸಗಿ ರನ್‌ವೇ ಪಕ್ಕದ ಶೆಡ್ಡಿನಲ್ಲಿ ಆರು ವರ್ಷ ಒದ್ದಾಡಿ, ಕೈಯಾರೆ ಒಂಟಿ ಸೀಟಿನ ವಿಮಾನ ಕಟ್ಟಿದ ಮಹಾನುಭಾವರು. ಟ್ಯಾಂಕಿನಲ್ಲಿ ಎಷ್ಟಿದೆಯೆಂದು ನೋಡಲು ಅವರ ಬಳಿ ಇದ್ದದ್ದು ಗೆರೆ ಕೊರೆದ ಒಂದು ಬಿದಿರಿನ ಕೋಲು.

"ಹಾರ್ತಾ ಇರೋವಾಗ ಕೋಲು ಅದ್ದೋಕಾಗುತ್ತಾ ಸಾರ್?" ಎಂದು ಕಾಂತರಾಜು ನಕ್ಕ. ಮೀಟರು, ಅದಕ್ಕೆ ಟ್ಯಾಂಕಿನ ಮಟ್ಟ ತಿಳಿಸುವ ಸೆನ್ಸರ್, ಎರಡನ್ನೂ ಕೂರಿಸುವ ಹೊಣೆಯನ್ನು ತಾನೇ ಹೊತ್ತ.

ಒಂದು ಭಾನುವಾರ ಟ್ಯಾಂಕಿನ ಮುಂಭಾಗಕ್ಕೆ ಸೆನ್ಸರ್ ಕೂರಿಸಿದ. ರೆಕ್ಕೆಗೆ ರಸಮಟ್ಟ ಇಟ್ಟು ಎಡಬಲ ಸರಿಯಿದೆಯೇ ನೋಡಿದ. ಮೇಷ್ಟ್ರು ಒಂದೊಂದೇ ಲೀಟರ್ ಸುರಿಯುವುದು, ಇವನು ಮೀಟರಿನ ಮೇಲೆ ಗುರುತು ಹಾಕುವುದು. ವಿಮಾನಕ್ಕೆ ಮೀಟರ್ ಹಾಕಿದ ಹೆಮ್ಮೆಗೆ ಅಂದು ಅವನ ಕಾಲು ನೆಲದ ಮೇಲಿರಲಿಲ್ಲ.

ಎರಡು ತಿಂಗಳಿಗೆ, ರನ್‌ವೇಗೆ ಕೂಗಳತೆಯ ದೂರದಲ್ಲಿ ಇಂಜಿನ್ ನಿಂತು, ವಿಮಾನ ಬಂಡೆಗೆ ಬಡಿಯಿತು. ಮೇಷ್ಟ್ರು ಉಳಿಯಲಿಲ್ಲ. ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲವಂತೆ. ಎಲ್ಲೋ ಸೋರಿರಬೇಕು ಎಂದರು ಜನ. ಕಾಂತರಾಜುವೂ ಹಾಗೇ ನಂಬಿ ಅತ್ತ.

ಹದಿನೈದು ದಿನ ಮುಚ್ಚಿದ್ದ ಅಂಗಡಿ ತೆರೆದಾಗ ಮೊದಲು ಬಂದವಳು ಒಬ್ಬ ಕಾಲೇಜು ಹುಡುಗಿ. "ಅಂಕಲ್, ಮೀಟರ್ ತಪ್ಪು ತೋರಿಸ್ತಿದೆ." ಅವಳ ಸ್ಕೂಟರು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿತ್ತು. ಬೈಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

ಅಯ್ಯೋ ಶಿವನೇ! ಆ ವಿಮಾನ ನೆಲದ ಮೇಲೆ ನಿಂತಾಗ ಬಾಲ ಕೆಳಗೆ, ಮೂತಿ ಮೇಲೆ. ಎಡಬಲ ನೋಡಿದವನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪೆಟ್ರೋಲೆಲ್ಲ ಹಿಂದಕ್ಕೆ ಸರಿದಿದ್ದಾಗ ಹಾಕಿದ ಗುರುತುಗಳು ಅವು. ಆಕಾಶದಲ್ಲಿ ವಿಮಾನ ಮಟ್ಟಸವಾದರೆ ಪೆಟ್ರೋಲು ಮುಂದಕ್ಕೆ, ಸೆನ್ಸರಿನ ಕಡೆ ಬರುತ್ತದೆ. ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ಇಲ್ಲಿ ಬಿದ್ದದ್ದು ಮಾತ್ರ ಬೇರೆಯವರು.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂಬತ್ತು ದಿನ ಬಚ್ಚಿಟ್ಟುಕೊಂಡ. ಹತ್ತನೆಯ ದಿನ ಮೇಷ್ಟ್ರ ಮನೆಗೆ ಹೋದ.

ಮೇಷ್ಟ್ರ ಹೆಂಡತಿ ಬಸವರಾಜೇಶ್ವರಿ ದಾವಣಗೆರೆ ಕಡೆಯವರು. "ಬರ್ರಿ ಕಾಂತರಾಜಣ್ಣ," ಎಂದು ಚಹಾ ತಂದಿಟ್ಟರು. ಬಾಗಿಲ ಮೂಲೆಯಲ್ಲಿ ಆ ಬಿದಿರಿನ ಕೋಲು ಒರಗಿತ್ತು. ಅವನು ನೋಡಿದ್ದನ್ನು ಅವರೂ ನೋಡಿದರು.

"ಅವತ್ತೂ ಅದನ್ನ ತಗೊಂಡ್ ಹೋಗ್ರಿ ಅಂದೆ. 'ಕಾಂತರಾಜು ಮೀಟರ್ ಹಾಕ್ಯಾನ, ಇನ್ನ ಕೋಲ್ಯಾಕ' ಅಂದ್ರು. ನಿಮ್ಮ ಮ್ಯಾಲೆ ಅಷ್ಟು ನಂಬಿಕಿ ಅವ್ರಿಗೆ."

ಕಾಂತರಾಜು ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಅಳುತ್ತಳುತ್ತಲೇ ಒಂದೂ ಬಚ್ಚಿಡದೆ ಎಲ್ಲ ಹೇಳಿದ.

 ಆಕೆ ಎದ್ದು ಕೋಲು ತಂದು ಅವನ ಕೈಗಿಟ್ಟರು. "ಇದನ್ನ ನೋಡ್ಕೋತ ನನಗ ಇರಾಕ ಆಗಂಗಿಲ್ಲ. ನೀವೇ ಒಯ್ರಿ." ಬಾಗಿಲವರೆಗೆ ಬಂದರು, ಹೋಗಿ ಬರ್ರಿ ಎನ್ನಲಿಲ್ಲ.

ಕಾಂತರಾಜು ಈಗಲೂ ಮೀಟರ್ ರಿಪೇರಿ ಮಾಡುತ್ತಾನೆ. ಬೈಯುವುದು ನಿಂತಿದೆ. ಕೆಲಸ ಮುಗಿದ ಮೇಲೆ ಪ್ರತಿ ಟ್ಯಾಂಕಿಗೂ ಆ ಕೋಲು ಅದ್ದಿ ನೋಡುತ್ತಾನೆ.

"ಏನಣ್ಣಾ, ಹೊಸ ಮೀಟರ್ ಹಾಕಿದ್ಮೇಲೂ ಕೋಲು ಯಾಕೆ?" ಎಂದು ಗಿರಾಕಿಗಳು ನಗುತ್ತಾರೆ.

"ಮೀಟರ್ ಹಾಕಿದ್ದು ನಾನಲ್ವಾ ಸಾರ್," ಎನ್ನುತ್ತಾನೆ. "ಅದಕ್ಕೇ."